ಅಮೆರಿಕದ ಹ್ಯಾಮ್ ರೇಡಿಯೋ ಲೈಸೆನ್ಸ್ (ಎಫ್‌ಸಿಸಿ ಎಕ್ಸ್‌ಟ್ರಾ) ಕೈಲಿದ್ದರೆ ಯುರೋಪಿನಲ್ಲಿ ಪಿಟಿಟಿ (ಮಾತಾಡುವ ಗುಂಡಿ) ಒತ್ತಬಹುದಾ?

ಮೂರನೇಕಿವಿ:
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟಿದೆ, ಸ್ವಲ್ಪ ಬಿಡಿಸಿ ಹೇಳಿ. ಇನ್ನೆರಡು ತಿಂಗಳಲ್ಲಿ ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ಕಡೆ ಎರಡು ವಾರದ ಪ್ರವಾಸ ಇದೆ. ಚೀಲದಲ್ಲಿ 5 ವ್ಯಾಟಿನ ಪುಟ್ಟ ರಿಗ್ಗು (ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ ಸೆಟ್), ಆಂಟೆನಾಗೆ ಒಂದು ತಂತಿ, ಮೋರ್ಸ್ ಬಡಿಯಲು ಒಂದು ಕೀ. ಬೆಟ್ಟ ಹತ್ತಿ ಕೂತು ನಾಲ್ಕು ಕ್ಯೂಎಸ್‌ಓ (ರೇಡಿಯೋ ಸಂಪರ್ಕ) ಮಾಡಬೇಕು ಅನ್ನೋದು ಬಹಳ ದಿನದ ಆಸೆ.

ನನ್ನದು ಭಾರತದ ಜನರಲ್ ಗ್ರೇಡ್ ಲೈಸೆನ್ಸ್. ಯುರೋಪಿನ ದೂರಸಂಪರ್ಕ ಒಕ್ಕೂಟ ಸಿಇಪಿಟಿ ಒಪ್ಪುವ ಲೈಸೆನ್ಸ್‌ಗಳ ಪಟ್ಟಿಯಲ್ಲಿ ಭಾರತ ಇಲ್ಲ, ಅದು ಗೊತ್ತು. ಗೆಳೆಯನೊಬ್ಬ ಒಂದು ದಾರಿ ಹೇಳಿಕೊಟ್ಟ. "ಅಮೆರಿಕದ ರೇಡಿಯೋ ನಿಯಂತ್ರಕ ಎಫ್‌ಸಿಸಿಯ ಪರೀಕ್ಷೆ ಆನ್‌ಲೈನ್‌ನಲ್ಲೇ ಬರೆಯಬಹುದು. ಅತಿ ಮೇಲಿನ ದರ್ಜೆ ಎಕ್ಸ್‌ಟ್ರಾ ತಗೋ, ಅಮೆರಿಕ ಸಿಇಪಿಟಿಯಲ್ಲಿ ಇದೆ, ಯುರೋಪ್ ಪೂರ್ತಿ ನಿನ್ನದೇ" ಅಂದ. ನಂಬಿ ನಾಲ್ಕು ತಿಂಗಳು ಓದಿದೆ. ಕೊನೇ ಪರೀಕ್ಷೆಯಲ್ಲಿ 50ಕ್ಕೆ 37 ಬೇಕು, ನನಗೆ 44 ಬಂತು. ಕಾಲ್‌ಸೈನೂ (ಗುರುತಿನ ಕರೆಹೆಸರು) ಬಂದಿದೆ. ಈಗ ಇನ್ನೊಬ್ಬರು "ಅದು ನಿನಗೆ ನಡೆಯಲ್ಲ" ಅಂತ ಬಾಂಬ್ ಹಾಕಿದ್ದಾರೆ. ಯಾರ ಮಾತು ನಿಜ?

ಡೈಪೋಲ್‌ದಾಸ:
ಧಾರಾಳವಾಗಿ ನಡೆಯುತ್ತೆ. ಎಕ್ಸ್‌ಟ್ರಾ ಅಂದರೆ ಪೂರ್ತಿ ಸಿಇಪಿಟಿ ದರ್ಜೆ. ಕಾಲ್‌ಸೈನ್ ಮುಂದೆ ಜರ್ಮನಿಯ ಡಿಎಲ್, ಸ್ಟ್ರೋಕ್ (ಓರೆಗೆರೆ) ಹಾಕಿ, ಶುರು ಮಾಡಿ. ಅಭಿನಂದನೆ!

ಹಳೇಕೀ:
ದಾಸರೇ, ಅವಸರ ಬೇಡ. ಎಫ್‌ಸಿಸಿಯ ಸಾರ್ವಜನಿಕ ಪ್ರಕಟಣೆ ಒಂದಿದೆ, ಡಿಎ 16-1048, 2016ರದ್ದು. ಸಿಇಪಿಟಿ ದೇಶಕ್ಕೆ ಹೋಗುವ ಅಮೆರಿಕದ ಹ್ಯಾಮ್ ಅದರ ಪ್ರತಿಯನ್ನು ಜೊತೆಗೆ ಇಟ್ಟುಕೊಳ್ಳಲೇಬೇಕು. ಇಂಗ್ಲಿಷ್, ಫ್ರೆಂಚ್, ಜರ್ಮನ್ ಮೂರರಲ್ಲೂ ಇದೆ. ಅದನ್ನು ಓದಿ. ಈ ಸೌಲಭ್ಯ ಇರುವುದು ಅಮೆರಿಕದ ಪ್ರಜೆಗಳಿಗೆ. ಪೌರತ್ವದ ಪುರಾವೆ, ಅಡ್ವಾನ್ಸ್ಡ್ ಇಲ್ಲವೇ ಎಕ್ಸ್‌ಟ್ರಾ ಲೈಸೆನ್ಸ್, ಆ ಪ್ರಕಟಣೆ, ಈ ಮೂರೂ ಕೈಲಿರಬೇಕು.

ಎಫ್‌ಸಿಸಿ ಲೈಸೆನ್ಸ್ ಯಾವ ದೇಶದವರಿಗೂ ಸಿಗುತ್ತೆ. ವಿದೇಶಿ ಸರ್ಕಾರದ ಪ್ರತಿನಿಧಿ ಆಗಿರಬಾರದು, ಅಮೆರಿಕದಲ್ಲಿ ಒಂದು ಅಂಚೆ ವಿಳಾಸ ಬೇಕು, ಅಷ್ಟೇ. ಆದರೆ ಲೈಸೆನ್ಸ್ ಸಿಗೋದು ಬೇರೆ, ಅದನ್ನು ಹಿಡಿದು ಮೂರನೇ ದೇಶಕ್ಕೆ ಹೋಗೋದು ಬೇರೆ. ನಿಮ್ಮ ಪಾಸ್‌ಪೋರ್ಟ್ ಭಾರತದ್ದು. ಹಾಗಾಗಿ ಎರಡನೆಯವರು ಹೇಳಿದ್ದೇ ಸರಿ.

ಮೂರನೇಕಿವಿ:
ಅಯ್ಯೋ. ನಾಲ್ಕು ತಿಂಗಳು ಸ್ಮಿತ್ ಚಾರ್ಟ್ (ಆಂಟೆನಾ ಲೆಕ್ಕದ ನಕ್ಷೆ) ಕಲಿತದ್ದು ಸುಮ್ನೆ ಹೋಯಿತಾ?

ಸ್ಕ್ವೆಲ್ಚ್:
ಸ್ಮಿತ್ ಚಾರ್ಟ್ ಕಲಿತದ್ದು ಯಾವತ್ತೂ ಸುಮ್ನೆ ಹೋಗಲ್ಲ. ನನ್ನ ಆಂಟೆನಾ ನೋಡಿದರೆ ನಾನು ಕಲಿತಿಲ್ಲ ಅಂತ ಗೊತ್ತಾಗುತ್ತೆ.

ಡೈಪೋಲ್‌ದಾಸ:
ಹಳೇಕೀ ಸರ್, ಕಾಗದದಲ್ಲಿ ನೀವು ಹೇಳಿದ ಹಾಗೇ ಇರಬಹುದು. ಆದರೆ ಬೆಟ್ಟದ ತುದಿಯಲ್ಲಿ ಪಾಸ್‌ಪೋರ್ಟ್ ಕೇಳೋರು ಯಾರು? ನನಗೆ ಗೊತ್ತಿರುವ ಇಬ್ಬರು ಹೀಗೇ ಮಾಡಿದ್ದಾರೆ. ಏನೂ ಆಗಿಲ್ಲ.

ಕೋಆಕ್ಸಿ:
ಏನೂ ಆಗಿಲ್ಲ ಅನ್ನೋದು ಅನುಮತಿ ಇತ್ತು ಅನ್ನೋದಕ್ಕೆ ಸಾಕ್ಷಿ ಅಲ್ಲ. ಅಲ್ಲದೆ ನಮ್ಮದು ಕದ್ದು ಮಾಡುವ ಹವ್ಯಾಸವೇ ಅಲ್ಲ. ನಿಮ್ಮ ಕಾಲ್‌ಸೈನನ್ನು ನೀವೇ ಪ್ರಪಂಚಕ್ಕೆ ಕೂಗಿ ಹೇಳುತ್ತೀರಿ. ಒಂದು ಸಿಕ್ಯೂ (ಎಲ್ಲರಿಗೂ ಕರೆ) ಕೊಟ್ಟರೆ ನಿಮಿಷದೊಳಗೆ ಕ್ಲಸ್ಟರ್‌ನಲ್ಲಿ (ಯಾರು ಎಲ್ಲಿ ಕೇಳಿಸಿದರು ಅಂತ ತೋರಿಸುವ ಆನ್‌ಲೈನ್ ಪಟ್ಟಿ) ಹೆಸರು, ಸಮಯ, ಫ್ರೀಕ್ವೆನ್ಸಿ ಎಲ್ಲ ಬಂದು ಕೂತಿರುತ್ತೆ. ಕಳ್ಳತನ ಮಾಡಿ ಮನೆ ಬಾಗಿಲಿಗೆ ವಿಸಿಟಿಂಗ್ ಕಾರ್ಡ್ ಅಂಟಿಸಿ ಬಂದ ಹಾಗೆ.

ಸ್ಕ್ವೆಲ್ಚ್:
ವಿಸಿಟಿಂಗ್ ಕಾರ್ಡ್ ಅಲ್ಲ, ಕ್ಯೂಎಸ್‌ಎಲ್ ಕಾರ್ಡ್ (ಸಂಪರ್ಕ ಆಯಿತು ಅಂತ ಕಳಿಸುವ ಕಾರ್ಡ್).

ಗಡಿದಾಟು:
ನಾನು ಕೆಲವು ವರ್ಷಗಳಿಂದ ಜರ್ಮನಿಯಲ್ಲಿ ಇದ್ದೇನೆ. ಇಲ್ಲಿನ ಎ ದರ್ಜೆಯ ಲೈಸೆನ್ಸ್ ಇದೆ. ಎರಡು ಬೇರೆ ವಿಷಯಗಳನ್ನು ಜನ ಯಾವಾಗಲೂ ಕಲಸಿಬಿಡುತ್ತಾರೆ. ಅದಕ್ಕೇ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಒಂದು, ಟಿ/ಆರ್ 61-01. ಇದು ಸಿಇಪಿಟಿಯ 1985ರ ಶಿಫಾರಸು. ಹೋಗಿ ಬರುವವರಿಗೆ. ಮೂರು ತಿಂಗಳ ತನಕ ಅರ್ಜಿ ಹಾಕದೆ, ಯಾರನ್ನೂ ಕೇಳದೆ, ನಿಮ್ಮ ಕಾಲ್‌ಸೈನ್ ಮುಂದೆ ಆ ದೇಶದ ಪ್ರಿಫಿಕ್ಸ್ (ದೇಶ ಸೂಚಿಸುವ ಅಕ್ಷರ) ಸೇರಿಸಿ ಮಾತಾಡಬಹುದು. ಮೊದಲು ಯುರೋಪಿನವರಿಗೆ ಮಾತ್ರ ಇತ್ತು. 1992ರ ತಿದ್ದುಪಡಿ ಆದಮೇಲೆ ಹೊರಗಿನ ದೇಶಗಳೂ ಸೇರುವ ಹಾಗಾಯಿತು. ಅಮೆರಿಕ, ಕೆನಡಾ, ಇಸ್ರೇಲ್, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ, ಪೆರು ಹಾಗೆ ಬಂದವು.

ಎರಡು, ಟಿ/ಆರ್ 61-02. ಹ್ಯಾರೆಕ್ ಅಂತಾರಲ್ಲ, ಅದು. 1990ರದ್ದು. ಇದು ಲೈಸೆನ್ಸ್ ಅಲ್ಲ, ಪರೀಕ್ಷೆ ಪಾಸಾದ ಪ್ರಮಾಣಪತ್ರ. ಬೇರೆ ದೇಶಕ್ಕೆ ಹೋಗಿ ನೆಲೆಸಿದರೆ ಇದನ್ನು ತೋರಿಸಿ, ಮತ್ತೆ ಪರೀಕ್ಷೆ ಬರೆಯದೆ ಅಲ್ಲಿನ ಲೈಸೆನ್ಸ್ ಕೇಳಬಹುದು. ಪ್ರವಾಸಿಗೆ ಮೊದಲನೆಯದು, ವಲಸಿಗನಿಗೆ ಎರಡನೆಯದು. ಇಷ್ಟು ನೆನಪಿಟ್ಟರೆ ಅರ್ಧ ಗೊಂದಲ ಮುಗಿಯಿತು.

ಇನ್ನು ಎಲ್ಲ ದರ್ಜೆಗೂ ಇದು ಸಿಗಲ್ಲ. ಜರ್ಮನಿಯ ಎ ದರ್ಜೆ ಪೂರ್ತಿ ಮಟ್ಟದ್ದು. ಇ ದರ್ಜೆ ನೋವಿಸ್ (ಆರಂಭಿಕ) ಮಟ್ಟದ್ದು, ಅದಕ್ಕೆ ಬೇರೆಯೇ ಶಿಫಾರಸು ಇದೆ, ಒಪ್ಪಿರುವ ದೇಶಗಳೂ ಕಡಿಮೆ. 2024ರಲ್ಲಿ ಬಂದ ಎನ್ ದರ್ಜೆ ಗಡಿಯನ್ನೇ ದಾಟಲ್ಲ. ಬ್ರಿಟನ್ನಿನ ಫೌಂಡೇಶನ್ ಲೈಸೆನ್ಸಿನ ಕಥೆಯೂ ಅಷ್ಟೇ.

ಬೀಕನ್:
ಅಮೆರಿಕದಲ್ಲಿ ಎಕ್ಸ್‌ಟ್ರಾಗಿಂತ ಕೆಳಗಿನ ಜನರಲ್ ದರ್ಜೆಯವರೂ ನೋವಿಸ್ ಬಾಗಿಲಿನಿಂದಲೇ ಒಳಗೆ ಹೋಗಬೇಕು. ಮೊದಲ ಮೆಟ್ಟಿಲಾದ ಟೆಕ್ನಿಷಿಯನ್‌ಗೆ ಆ ಬಾಗಿಲೂ ಇಲ್ಲ. ಮೊದಲು ಜನರಲ್‌ನವರಿಗೂ ಪೂರ್ತಿ ಹಕ್ಕು ಇತ್ತು. ಆಮೇಲೆ ಯುರೋಪಿನವರು ಸಿಲಬಸ್ ಹೋಲಿಸಿ ನೋಡಿ "ಇದು ನಮ್ಮ ಮಟ್ಟಕ್ಕೆ ಸಾಲದು" ಅಂದರು.

ಶಾರ್ಟ್‌ವೇವ್ ಅಜ್ಜ:
ಸಾಲದೇ ಏನು! ಮೋರ್ಸ್ ತೆಗೆದ ದಿನವೇ ಎಲ್ಲ ದರ್ಜೆಯೂ ಒಂದೇ ಆಗಿಹೋಯಿತು. ನಮ್ಮ ಕಾಲದಲ್ಲಿ ಸಿಇಪಿಟಿಯಲ್ಲೇ ಎರಡು ವರ್ಗ ಇತ್ತು. ಮೋರ್ಸ್ ಬಲ್ಲವರಿಗೆ ಎಚ್‌ಎಫ್ (ದೂರ ಹೋಗುವ ಶಾರ್ಟ್‌ವೇವ್), ಬಾರದವರು 30 ಮೆಗಾಹರ್ಟ್ಜ್ ಮೇಲೆ. 2003ರ ವಿಶ್ವ ರೇಡಿಯೋ ಸಮ್ಮೇಳನದಲ್ಲಿ ಅದನ್ನು ಕಡ್ಡಾಯದಿಂದ ತೆಗೆದರು. ಎರಡೂ ವರ್ಗ ಸೇರಿ ಒಂದಾಯಿತು.

ನಾಯ್ಸ್‌ಫ್ಲೋರ್:
ಅಜ್ಜ, ಮೋರ್ಸ್ ವಿಷಯ ಎತ್ತಬೇಡಿ. ಕಳೆದ ಸಲ ಎತ್ತಿದಾಗ ನೂರು ಉತ್ತರ ಬಂದು ಮೂಲ ಪ್ರಶ್ನೆ ಏನು ಅಂತಲೇ ಮರೆತುಹೋಗಿತ್ತು.

ಶಾರ್ಟ್‌ವೇವ್ ಅಜ್ಜ:
ಡಿಟ್ ಡಿಟ್.

ಹಳೇಕೀ:
ಅದೇ 2003ರ ಸಮ್ಮೇಳನದಲ್ಲಿ ಇನ್ನೊಂದು ಸಣ್ಣ ಸಾಲು ಸೇರಿತು. ಅದರ ಬಗ್ಗೆ ಯಾರೂ ಮಾತಾಡಲ್ಲ. ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ರೇಡಿಯೋ ನಿಯಮಗಳ 25ನೇ ವಿಧಿಯಲ್ಲಿ ಅದು ಇದೆ. ಬೇರೆ ದೇಶದ ಲೈಸೆನ್ಸ್ ಇರುವವನು ತಾತ್ಕಾಲಿಕವಾಗಿ ನಿಮ್ಮ ನೆಲಕ್ಕೆ ಬಂದರೆ ಅವನಿಗೆ ಅವಕಾಶ ಕೊಡಬೇಕೋ ಬೇಡವೋ ಅನ್ನೋದನ್ನು ಆಯಾ ದೇಶ ನಿರ್ಧರಿಸಬಹುದು, ಷರತ್ತೂ ಹಾಕಬಹುದು. ಅಂದರೆ "ಪ್ರಪಂಚದ ಹ್ಯಾಮ್ ಲೈಸೆನ್ಸ್" ಅನ್ನೋದು ಎಲ್ಲೂ ಇಲ್ಲ. ಮಿಕ್ಕಿದ್ದೆಲ್ಲ ದೇಶ ದೇಶ ಮಾಡಿಕೊಂಡ ಏರ್ಪಾಡು. ಕೆಲವರು ಗುಂಪಾಗಿ ಮಾಡಿಕೊಂಡರು, ಕೆಲವರು ಜೋಡಿಯಾಗಿ, ಕೆಲವರು ಮಾಡಿಕೊಳ್ಳಲೇ ಇಲ್ಲ.

ಕೋಆಕ್ಸಿ:
ಗುಂಪು ಅಂದಾಗ ನೆನಪಾಯಿತು, ಐಎಆರ್‌ಪಿ (ಅಂತರರಾಷ್ಟ್ರೀಯ ಹ್ಯಾಮ್ ಪರ್ಮಿಟ್) ಬಗ್ಗೆ ಯಾರಾದರೂ ಹೇಳ್ತೀರಾ? ದಕ್ಷಿಣ ಅಮೆರಿಕದ ಪ್ರವಾಸದ ಯೋಚನೆ ಇದೆ.

ಬೀಕನ್:
ಅದು ಅಮೆರಿಕ ಖಂಡದ ದೇಶಗಳ ಒಪ್ಪಂದ. 1995ರಲ್ಲಿ ಹೈಟಿಯ ಮೊಂಟ್ರುಯಿಯಲ್ಲಿ ಆದದ್ದು. ಸಿಇಪಿಟಿಗೂ ಇದಕ್ಕೂ ಮುಖ್ಯ ವ್ಯತ್ಯಾಸ ಅಂದರೆ ಇಲ್ಲಿ ಬೇರೆಯೇ ಒಂದು ಪರ್ಮಿಟ್ ಮಾಡಿಸಬೇಕು. ಅಮೆರಿಕದವರಿಗೆ ಅಲ್ಲಿನ ಹ್ಯಾಮ್ ಸಂಘ ಎಆರ್‌ಆರ್‌ಎಲ್ ಮಾಡಿಕೊಡುತ್ತೆ. ಒಂದು ವರ್ಷ ಬಾಳಿಕೆ. ಕೊಟ್ಟ ದೇಶದಲ್ಲೇ ಅದು ನಡೆಯಲ್ಲ, ಹೊರಗೆ ಮಾತ್ರ. ಅರ್ಜೆಂಟೀನಾ, ಬ್ರೆಜಿಲ್, ಪೆರು, ಉರುಗ್ವೆ, ಪನಾಮಾ, ವೆನೆಜುವೆಲಾ ಇವೆಲ್ಲ ಒಪ್ಪಿವೆ. ಪೆರು ಎರಡು ಕಡೆಯೂ ಇದೆ ನೋಡಿ. ಜಾಣ ದೇಶ.

ಕೋಆಕ್ಸಿ:
ಧನ್ಯವಾದ. ಪೆರುವಿನಿಂದಲೇ ಶುರು ಮಾಡ್ತೀನಿ ಹಾಗಾದ್ರೆ.

ತಂತಿಮನೆ:
ಎಫ್‌ಸಿಸಿ ಲೈಸೆನ್ಸಿನ ಇನ್ನೊಂದು ಬಲೆ ಹೇಳುತ್ತೇನೆ. ನಾನೇ ಬಿದ್ದವನು.

ಅಮೆರಿಕ ಮತ್ತು ಭಾರತದ ನಡುವೆ ಪರಸ್ಪರ ಒಪ್ಪಂದ ಇದೆ. ಅಂದರೆ ಭಾರತದ ಪ್ರಜೆ, ಭಾರತದ ಲೈಸೆನ್ಸ್ ಇದ್ದರೆ, ಅಮೆರಿಕದ ನೆಲದಲ್ಲಿ ಅರ್ಜಿ ಗಿರ್ಜಿ ಇಲ್ಲದೆ ನೇರ ಆಪರೇಟ್ ಮಾಡಬಹುದು. ಎಫ್‌ಸಿಸಿಯ ನಿಯಮ 97.107. ಪ್ರಿಫಿಕ್ಸ್ ಡಬ್ಲ್ಯೂ, ಅದರ ಪಕ್ಕ ಆ ವಲಯದ ಅಂಕಿ, ಸ್ಟ್ರೋಕ್, ಆಮೇಲೆ ನಿಮ್ಮ ಕಾಲ್‌ಸೈನ್. ಪ್ರತಿ ಮಾತುಕತೆಯಲ್ಲಿ ಒಮ್ಮೆಯಾದರೂ ಊರು, ರಾಜ್ಯ ಹೇಳಬೇಕು. ಇಷ್ಟೇ.

ನನಗೆ ಇದು ಗೊತ್ತಿರಲಿಲ್ಲ. ಅಲ್ಲಿಗೆ ಹೋದ ಮೊದಲ ತಿಂಗಳಲ್ಲೇ ಉತ್ಸಾಹದಿಂದ ಟೆಕ್ನಿಷಿಯನ್ ಪರೀಕ್ಷೆ ಬರೆದೆ, ಪಾಸಾದೆ, ಎಲ್ಲರಿಗೂ ಸಿಹಿ ಹಂಚಿದೆ. ಆಮೇಲೆ 20 ಮೀಟರ್ ಬ್ಯಾಂಡ್‌ನಲ್ಲಿ ಹಳೇ ಭಾರತದ ಕಾಲ್‌ಸೈನಿನಿಂದ ಮಾತಾಡುತ್ತಿದ್ದಾಗ ಒಬ್ಬ ಹಿರಿಯರು ಮೆತ್ತಗೆ ಕೇಳಿದರು, "ನಿಮ್ಮ ಹತ್ತಿರ ಎಫ್‌ಸಿಸಿ ಲೈಸೆನ್ಸ್ ಇದೆಯಾ?" ಇದೆ ಅಂದೆ, ಹೆಮ್ಮೆಯಿಂದ. "ಹಾಗಾದ್ರೆ ನೀವು ಇಲ್ಲಿ ಇರಬಾರದು" ಅಂದರು. ಅದೇ ನಿಯಮದಲ್ಲಿ ಸ್ಪಷ್ಟವಾಗಿದೆ: ಅಮೆರಿಕದ ಪ್ರಜೆಗೂ, ಎಫ್‌ಸಿಸಿ ಲೈಸೆನ್ಸ್ ಇರುವವರಿಗೂ ಪರಸ್ಪರ ಸೌಲಭ್ಯ ಇಲ್ಲ. ಚಿಕ್ಕ ಲೈಸೆನ್ಸ್ ತಗೊಂಡು ದೊಡ್ಡ ಹಕ್ಕು ಕಳೆದುಕೊಂಡೆ! ಜನರಲ್ ಪಾಸಾಗುವ ತನಕ 20 ಮೀಟರ್‌ನಲ್ಲಿ ಬರೀ ಕೇಳುವುದೇ ಆಯಿತು.

ಸ್ಕ್ವೆಲ್ಚ್:
ಸಿಹಿ ವಾಪಸ್ ಕೊಡಿ ಅಂತ ಕೇಳಿದ್ರಾ?

ಮೂರನೇಕಿವಿ:
ಅಂದರೆ ನನ್ನ ಕಥೆಯೂ ಅದೇ. ಆದರೆ ನನ್ನದು ಎಕ್ಸ್‌ಟ್ರಾ, ಹಾಗಾಗಿ ನಷ್ಟ ಇಲ್ಲ ಅಲ್ವಾ?

ತಂತಿಮನೆ:
ನಿಮಗೆ ನಷ್ಟ ಇಲ್ಲ. ಅಮೆರಿಕ, ಹವಾಯಿ, ಗುವಾಮ್, ಎಲ್ಲಿ ಹೋದರೂ ಪೂರ್ತಿ ಹಕ್ಕು. ಪ್ರವಾಸವನ್ನೇ ಆ ಕಡೆ ತಿರುಗಿಸಿ!

ಡೈಪೋಲ್‌ದಾಸ:
ಸರಿ, ಪ್ರಕಟಣೆಯನ್ನು ಈಗ ಕೂತು ಓದಿದೆ. ಪ್ರಜೆ ಅಂತಲೇ ಇದೆ. ನನ್ನ ಮೊದಲ ಉತ್ತರ ತಪ್ಪು, ಒಪ್ಪಿಕೊಂಡೆ. ಆದರೂ ಈ ನಿಯಮ ನನಗೆ ಅರ್ಥವಾಗಲ್ಲ. ಪರೀಕ್ಷೆ ಅದೇ, ತಲೆ ಅದೇ, ಅಂಕ ಅದೇ. ಪಾಸ್‌ಪೋರ್ಟ್ ಬಣ್ಣ ಬದಲಾದರೆ ಓಮ್‌ನ ನಿಯಮ ಬದಲಾಗುತ್ತಾ?

ಹಳೇಕೀ:
ಓಮ್‌ನ ನಿಯಮ ಬದಲಾಗಲ್ಲ, ಹೊಣೆ ಬದಲಾಗುತ್ತೆ. ಈ ಒಪ್ಪಂದಗಳು ಹುಟ್ಟಿದ್ದೇ "ನಿನ್ನವನನ್ನು ನಾನು ಬಿಟ್ಟುಕೊಳ್ಳುತ್ತೇನೆ, ನನ್ನವನನ್ನು ನೀನು ಬಿಟ್ಟುಕೋ" ಅನ್ನೋ ಲೆಕ್ಕದಲ್ಲಿ. ಹಾಗಾಗಿ ಯಾರವನು ಅನ್ನೋ ಪ್ರಶ್ನೆ ಮೊದಲು ಬರುತ್ತೆ.

ಹಿಂದೆ ಇದು ಇನ್ನೂ ಕಠಿಣ ಇತ್ತು. ಅಮೆರಿಕದಲ್ಲಿ 1964ರ ತನಕ ವಿದೇಶಿ ಹ್ಯಾಮ್ ಮೈಕ್ ಮುಟ್ಟುವ ಹಾಗೇ ಇರಲಿಲ್ಲ. ಲೈಸೆನ್ಸ್ ಪ್ರಜೆಗಳಿಗೆ ಮಾತ್ರ ಅಂತ ಕಾನೂನು. ಕೆನಡಾದವರಿಗೆ ಮಾತ್ರ ಬೇರೆ ಒಪ್ಪಂದ, 1952ರಿಂದ ಜಾರಿ. ಸೆನೆಟರ್ ಬ್ಯಾರಿ ಗೋಲ್ಡ್‌ವಾಟರ್ ಸ್ವತಃ ಹ್ಯಾಮ್, ಕೆ7ಯುಜಿಎ. ಅವರು ಮಸೂದೆ ತಂದರು, 1964ರಲ್ಲಿ ಅಧ್ಯಕ್ಷ ಜಾನ್ಸನ್ ಸಹಿ ಹಾಕಿದರು. ಅದೇ ವರ್ಷ ಚುನಾವಣೆಯಲ್ಲಿ ಇಬ್ಬರೂ ಎದುರಾಳಿಗಳು! ಅಲ್ಲಿಂದ ದೇಶ ದೇಶದ ಜೊತೆ ಒಂದೊಂದೇ ಒಪ್ಪಂದ ಆಗುತ್ತಾ ಬಂತು. ಸಿಇಪಿಟಿಗೆ ಅಮೆರಿಕ ಸೇರಿದ್ದು 1999ರಲ್ಲಿ.

ಶಾರ್ಟ್‌ವೇವ್ ಅಜ್ಜ:
ಆಗೆಲ್ಲ ಪ್ರತಿ ದೇಶಕ್ಕೂ ಬೇರೆ ಬೇರೆ ಅರ್ಜಿ, ಅಂಚೆಯಲ್ಲಿ. ಉತ್ತರ ಬರುವಷ್ಟರಲ್ಲಿ ಪ್ರವಾಸ ಮುಗಿದು, ಫೋಟೋ ತೊಳೆಸಿ, ಆಲ್ಬಮ್‌ಗೆ ಅಂಟಿಸಿ ಆಗಿರುತ್ತಿತ್ತು. ಒಂದು ಪರ್ಮಿಟ್ ನನಗೆ ಬಂದದ್ದು ಆ ಪರ್ಮಿಟ್‌ನ ಅವಧಿ ಮುಗಿದ ಮೇಲೆ. ಇನ್ನೂ ಜೋಪಾನವಾಗಿ ಇಟ್ಟಿದ್ದೇನೆ.

ಗಡಿದಾಟು:
ಪ್ರಿಫಿಕ್ಸ್ ಬಗ್ಗೆ ಒಂದು ತಮಾಷೆ. ಕಳೆದ ಬೇಸಿಗೆ ಕಾರಿನಲ್ಲಿ ರಿಗ್ ಇಟ್ಟುಕೊಂಡು ಲಿಂಡಾವ್‌ನಿಂದ ಹೊರಟೆ. ಅಲ್ಲಿ ನಾನು ನಾನೇ, ಡಿಎಲ್ ಕಾಲ್‌ಸೈನ್. ಸ್ವಲ್ಪ ಹೊತ್ತಿಗೆ ಬ್ರೆಗೆಂಜ್. ಆಸ್ಟ್ರಿಯಾ, ಓಇ ಸ್ಟ್ರೋಕ್. ಫೆಲ್ಡ್‌ಕಿರ್ಚ್ ದಾಟಿದರೆ ಲಿಕ್ಟೆನ್‌ಸ್ಟೈನ್, ಎಚ್‌ಬಿ0 ಸ್ಟ್ರೋಕ್. ರೈನ್ ನದಿಯ ಸೇತುವೆ ದಾಟಿದರೆ ಬುಕ್ಸ್, ಸ್ವಿಟ್ಜರ್ಲೆಂಡ್, ಎಚ್‌ಬಿ9 ಸ್ಟ್ರೋಕ್. ಒಂದು ಬೆಳಗ್ಗೆಯಲ್ಲಿ ನಾಲ್ಕು ದೇಶ, ಎಲ್ಲದಕ್ಕೂ ಕೊನೆಯಲ್ಲಿ ಸ್ಟ್ರೋಕ್ ಎಂ (ಮೊಬೈಲ್, ಅಂದರೆ ವಾಹನದಿಂದ). ಎದುರಿನವನು ಮೂರನೇ ಸಲ ಲಾಗ್‌ಗೆ ಹಾಕುವಾಗ "ನೀನು ಒಬ್ಬನೇನಾ, ನಿನ್ನ ಅಣ್ಣತಮ್ಮಂದಿರಾ?" ಅಂತ ಕೇಳಿದ.

ನೋವಿಸ್ ಆಗಿದ್ದರೆ ಪ್ರಿಫಿಕ್ಸೂ ಬೇರೆ. ಸ್ವಿಟ್ಜರ್ಲೆಂಡ್‌ನಲ್ಲಿ ಎಚ್‌ಬಿ3, ಜರ್ಮನಿಯಲ್ಲಿ ಡಿಓ. ಒಂದೇ ದೇಶದೊಳಗೂ ಬದಲಾಗುತ್ತೆ. ಫ್ರಾನ್ಸ್ ಎಫ್, ಆದರೆ ಕಾರ್ಸಿಕಾ ಟಿಕೆ. ಗ್ರೀಸ್ ಎಸ್‌ವಿ, ಕ್ರೀಟ್ ಎಸ್‌ವಿ9. ಹೊರಡುವ ಮೊದಲು ಸಿಇಪಿಟಿಯ ಕೋಷ್ಟಕ ನೋಡಿ. ನೆನಪಿನ ಮೇಲೆ ಹೋಗಬೇಡಿ.

ನಾಯ್ಸ್‌ಫ್ಲೋರ್:
ಪ್ರಿಫಿಕ್ಸ್ ತಪ್ಪಾದರೆ ಮುಜುಗರ, ಅಷ್ಟೇ. ಬ್ಯಾಂಡ್ ತಪ್ಪಾದರೆ ನಿಜವಾದ ತೊಂದರೆ. ಜನ ಇದನ್ನು ಮರೆಯುತ್ತಾರೆ. ಒಪ್ಪಂದ ನಿಮಗೆ ಕೊಡುವುದು ಹೋದ ದೇಶದ ಬ್ಯಾಂಡ್, ನಿಮ್ಮ ದೇಶದ್ದಲ್ಲ.

ಅಮೆರಿಕದವರ 2 ಮೀಟರ್ ಬ್ಯಾಂಡ್ 144ರಿಂದ 148 ಮೆಗಾಹರ್ಟ್ಜ್. ಯುರೋಪಿನಲ್ಲಿ 144ರಿಂದ 146 ಮಾತ್ರ. ಅಮೆರಿಕದ ಹ್ಯಾಂಡ್‌ಹೆಲ್ಡ್‌ನಲ್ಲಿ ಮೊದಲ ಮೆಮೊರಿ ಯಾವುದಿರುತ್ತೆ? 146.52, ಅವರು ನೇರ ಕರೆಯುವ ಸಿಂಪ್ಲೆಕ್ಸ್ ಕಾಲಿಂಗ್ ಫ್ರೀಕ್ವೆನ್ಸಿ. ವಿಮಾನ ಇಳಿದು ಅಭ್ಯಾಸಬಲದಿಂದ ಒತ್ತಿದರೆ ಹ್ಯಾಮ್ ಬ್ಯಾಂಡಿನ ಹೊರಗೆ, ಬೇರೆ ಯಾರದ್ದೋ ಸೇವೆಯ ಮೇಲೆ ಕೂತಿರುತ್ತೀರಿ. 80 ಮೀಟರ್ ಅಮೆರಿಕದಲ್ಲಿ 4.0ರ ತನಕ, ಯುರೋಪಿನಲ್ಲಿ 3.8ರ ತನಕ. 40 ಮೀಟರ್ ಅಮೆರಿಕದಲ್ಲಿ 7.3, ಯುರೋಪಿನಲ್ಲಿ 7.2. 222 ಮೆಗಾಹರ್ಟ್ಜ್ ಬ್ಯಾಂಡ್ ಅಂತೂ ಯುರೋಪಿನಲ್ಲಿ ಇಲ್ಲವೇ ಇಲ್ಲ.

ತಿರುಗಾ ಬಂದರೂ ಅದೇ ಪಾಡು. ಯುರೋಪಿನವನು 7.090ರಲ್ಲಿ ಎಸ್‌ಎಸ್‌ಬಿಯಲ್ಲಿ (ಧ್ವನಿಯಲ್ಲಿ) ಮಾತಾಡಿ ರೂಢಿ. ಅಮೆರಿಕದ ಮುಖ್ಯ ನೆಲದಲ್ಲಿ 40 ಮೀಟರ್‌ನ ಧ್ವನಿ ಭಾಗ ಶುರುವಾಗೋದೇ 7.125ರಿಂದ. ಅಲ್ಲಿ ಒಪ್ಪಂದ ತೋರಿಸಿ ಪ್ರಯೋಜನ ಇಲ್ಲ.

ಬೀಕನ್:
ಇದು ಚಿನ್ನದಂಥ ಮಾತು. ರಿಗ್‌ನ ಮೆಮೊರಿ ಪೂರ್ತಿ ಅಳಿಸಿ ಹೊಸದಾಗಿ ತುಂಬಿಕೊಂಡು ಹೋಗೋದು ಒಳ್ಳೇದು.

ಕೋಆಕ್ಸಿ:
ಇನ್ನೊಂದು, ಕಸ್ಟಮ್ಸ್. ಸಿಇಪಿಟಿ ಕಾಗದಕ್ಕೂ ಉಪಕರಣ ಒಳಗೆ ತರುವುದಕ್ಕೂ ಸಂಬಂಧ ಇಲ್ಲ. ಶಿಫಾರಸಿನಲ್ಲೇ ಬರೆದಿದ್ದಾರೆ, ಸಾಮಾನು ತರೋದು ಒಯ್ಯೋದು ಆಯಾ ದೇಶದ ಕಸ್ಟಮ್ಸ್ ನಿಯಮಕ್ಕೆ ಬಿಟ್ಟದ್ದು ಅಂತ.

ಒಂದು ವಿಮಾನ ನಿಲ್ದಾಣದಲ್ಲಿ (ಹೆಸರು ಬೇಡ) ನನ್ನ ಚೀಲ ಎಕ್ಸ್‌ರೇಯಲ್ಲಿ ಹೋದಾಗ ಬೆಲ್ಟ್ ನಿಂತಿತು. ಒಳಗೆ ಬ್ಯಾಟರಿ, ಸುತ್ತಿದ ತಂತಿ, ಗುಂಡಿಗಳಿರುವ ಡಬ್ಬ, ಒಂದು ಮೋರ್ಸ್ ಪ್ಯಾಡಲ್. ನಾನೇ ಆ ಚಿತ್ರ ನೋಡಿದ್ದರೆ ನನ್ನನ್ನೇ ಹಿಡಿಯುತ್ತಿದ್ದೆ. ಲೈಸೆನ್ಸ್ ತೋರಿಸಿದೆ, ಅವರಿಗೆ ಅದು ಏನಂತ ಗೊತ್ತಾಗಲಿಲ್ಲ. ಕೊನೆಗೆ ಫೋನಿನಲ್ಲಿ ಬೆಟ್ಟದ ಮೇಲೆ ಆಂಟೆನಾ ಕಟ್ಟಿ ಕೂತಿದ್ದ ನನ್ನ ಫೋಟೋ ತೋರಿಸಿದೆ. ಅಧಿಕಾರಿ ನಕ್ಕು "ರಜೆಯಲ್ಲಿ ಇದನ್ನಾ ಮಾಡೋದು?" ಅಂದರು. ಬಿಟ್ಟರು. ಅವತ್ತಿನಿಂದ ಫೋಟೋ ಪ್ರಿಂಟ್ ಹಾಕಿಸಿ ಲೈಸೆನ್ಸ್ ಜೊತೆ ಇಟ್ಟಿದ್ದೇನೆ. ರಿಗ್ ಖರೀದಿಸಿದ ರಸೀತಿಯ ಪ್ರತಿಯೂ ಇರಲಿ, ವಾಪಸ್ ಬರುವಾಗ "ಹೊಸದಾ?" ಅಂತ ಕೇಳುತ್ತಾರೆ.

ಸ್ಕ್ವೆಲ್ಚ್:
"ರಜೆಯಲ್ಲಿ ಇದನ್ನಾ ಮಾಡೋದು?" ನನ್ನ ಹೆಂಡತಿಯೂ ಇದನ್ನೇ ಕೇಳ್ತಾಳೆ. ಕಸ್ಟಮ್ಸ್‌ನಲ್ಲಿ ಕೆಲಸ ಮಾಡಬಹುದಿತ್ತು ಅವಳು.

ಡೈಪೋಲ್‌ದಾಸ:
ಹಾಗಾದ್ರೆ ಒಂದು ಡೌಟು. ಮನೆಯಲ್ಲೇ ಕೂತು ಇಂಟರ್‌ನೆಟ್ ಮೂಲಕ ಸ್ವಿಟ್ಜರ್ಲೆಂಡ್‌ನಲ್ಲಿರುವ ರಿಮೋಟ್ ಸ್ಟೇಷನ್ ಓಡಿಸಿದರೆ? ಗಡಿಯೂ ದಾಟಲಿಲ್ಲ, ಕಸ್ಟಮ್ಸೂ ಇಲ್ಲ.

ಗಡಿದಾಟು:
ಸಿಇಪಿಟಿ ಇರೋದು ಭೇಟಿ ಕೊಡುವವರಿಗೆ. ಮೈ ಅಲ್ಲಿರಬೇಕು. ಸಿಗ್ನಲ್ ಹೊರಡುವುದು ಸ್ವಿಸ್ ನೆಲದಿಂದ, ನೀವು ಮಾತ್ರ ಎಲ್ಲೋ. ಅದು ಭೇಟಿ ಆಗಲ್ಲ. ಟ್ರಾನ್ಸ್‌ಮಿಟರ್ ಇರುವ ದೇಶದ ನಿಯಮದಲ್ಲಿ ಬೇರೆ ದಾರಿ ಇದ್ದರೆ ಸರಿ, ಟಿ/ಆರ್ 61-01 ಹಿಡಿದು ವಾದ ಮಾಡಕ್ಕಾಗಲ್ಲ.

ನಾಯ್ಸ್‌ಫ್ಲೋರ್:
ರಿಮೋಟ್ ಮಾಡೋದೇ ಹ್ಯಾಮ್ ಅಲ್ಲ ಅನ್ನೋದು ನನ್ನ ಅಭಿಪ್ರಾಯ. ಹೇಳಿ ಓಡಿಹೋಗ್ತೀನಿ.

ಡೈಪೋಲ್‌ದಾಸ:
ನಿಲ್ಲಿ. ಅಪಾರ್ಟ್‌ಮೆಂಟ್‌ನಲ್ಲಿ ಆಂಟೆನಾ ಹಾಕಲು ಬಿಡದವರು ಏನು ಮಾಡಬೇಕು? ಕಿಟಕಿಯಿಂದ ಕೂಗಬೇಕಾ?

ಶಾರ್ಟ್‌ವೇವ್ ಅಜ್ಜ:
ಕಿಟಕಿಯಿಂದ ಮೋರ್ಸ್‌ನಲ್ಲಿ ಟಾರ್ಚ್ ಹಾಕಿ.

ತಂತಿಮನೆ:
ಸಮುದ್ರದ ಕಥೆ ಏನು? ಹಡಗಿನಲ್ಲಿ ಹೋಗುವವರು ಯಾವ ಒಪ್ಪಂದ ಹಿಡೀಬೇಕು?

ಹಳೇಕೀ:
ಅಂತರರಾಷ್ಟ್ರೀಯ ನೀರಿನಲ್ಲಿ ಹಡಗು ಯಾವ ದೇಶದ ಬಾವುಟ ಹಾರಿಸುತ್ತೋ ಆ ದೇಶದ ನಿಯಮ. ಆ ದೇಶದ ಲೈಸೆನ್ಸೋ, ಅವರು ಒಪ್ಪುವ ಲೈಸೆನ್ಸೋ ಬೇಕು. ಕ್ಯಾಪ್ಟನ್ ಒಪ್ಪಿಗೆ ಬೇಕೇ ಬೇಕು. ಕಾಲ್‌ಸೈನ್ ಕೊನೆಗೆ ಎಂಎಂ (ಮ್ಯಾರಿಟೈಮ್ ಮೊಬೈಲ್, ಅಂದರೆ ಸಮುದ್ರದಲ್ಲಿ). ಬಂದರಿಗೆ ಬಂದ ಕೂಡಲೇ ಆ ಕರಾವಳಿಯ ನಿಯಮ ಶುರು. ಇಲ್ಲಿ ಮೂರನೇಕಿವಿಯವರ ಎಕ್ಸ್‌ಟ್ರಾ ಮತ್ತೆ ಕೆಲಸಕ್ಕೆ ಬರುತ್ತೆ, ಅಮೆರಿಕದ ಬಾವುಟದ ಹಡಗು ಸಿಕ್ಕರೆ.

ಮೂರನೇಕಿವಿ:
ಆಲ್ಪ್ಸ್ ಪರ್ವತದಲ್ಲಿ ಅಮೆರಿಕದ ಹಡಗು ಎಲ್ಲಿ ಹುಡುಕಲಿ ಸರ್?

ಬೀಕನ್:
ಅನುಮತಿ ಕಾಗದದಲ್ಲೇ ಇರಬೇಕು ಅನ್ನೋದಕ್ಕೆ ಒಂದು ಹಳೇ ಕಥೆ. ಉತ್ತರ ಕೊರಿಯಾ, ಪಿ5. ಅಲ್ಲಿ ಹ್ಯಾಮ್ ರೇಡಿಯೋನೇ ಇಲ್ಲ ಅನ್ನಬಹುದು. 2001ರ ಕೊನೆಯಲ್ಲಿ ವಿಶ್ವ ಆಹಾರ ಕಾರ್ಯಕ್ರಮದ ಕೆಲಸಕ್ಕೆ ಪ್ಯೊಂಗ್‌ಯಾಂಗ್‌ನಲ್ಲಿದ್ದ ಜಾರ್ಜಿಯಾದ ಒಬ್ಬ ಹ್ಯಾಮ್ ಪಿ5/4ಎಲ್4ಎಫ್‌ಎನ್ ಅಂತ ಬಂದರು. ಪ್ರಪಂಚದ ಡಿಎಕ್ಸ್ (ದೂರದ ದೇಶ ಹಿಡಿಯುವ) ಜನ ಊಟ ನಿದ್ದೆ ಬಿಟ್ಟು ಅವರ ಹಿಂದೆ ಬಿದ್ದರು. ಅವರಿಗಿದ್ದದ್ದು ಬಾಯಿಮಾತಿನ ಅನುಮತಿ. ಒಂದು ವರ್ಷ ನಡೆಯಿತು. 2002ರ ನವೆಂಬರ್‌ನಲ್ಲಿ ನಿಲ್ಲಿಸಿ ಅಂದರು, ನಿಂತಿತು. ಬಾಯಿಮಾತಿನಲ್ಲಿ ಕೊಟ್ಟದ್ದನ್ನು ಬಾಯಿಮಾತಿನಲ್ಲೇ ಕಿತ್ತುಕೊಳ್ಳಬಹುದು.

ಶಾರ್ಟ್‌ವೇವ್ ಅಜ್ಜ:
ಅವರನ್ನು ಮೂರು ರಾತ್ರಿ ಕರೆದೆ. ಪೈಲ್‌ಅಪ್‌ನಲ್ಲಿ (ಎಲ್ಲರೂ ಒಟ್ಟಿಗೆ ಕರೆಯುವ ಗದ್ದಲದಲ್ಲಿ) ನನ್ನ ಸಿಗ್ನಲ್ ಮುಳುಗಿಹೋಯಿತು. ಇವತ್ತಿಗೂ ಪಿ5 ನನ್ನ ಪಟ್ಟಿಯಲ್ಲಿ ಖಾಲಿ. ಇದನ್ನು ನೆನಪಿಸಿದ್ದಕ್ಕೆ ಬೀಕನ್‌ಗೆ ನನ್ನ ಶಾಪ.

ಗಡಿದಾಟು:
ಮೂರನೇಕಿವಿ, ವಿಷಯಕ್ಕೆ ಬರೋಣ. ನಿಮ್ಮ ಮುಂದೆ ಎರಡು ದಾರಿ ಇವೆ. ಮೂರೂ ದೇಶಗಳ ನಿಯಂತ್ರಕರಿಗೆ ನೇರ ಬರೆದು, ಭಾರತದ ಲೈಸೆನ್ಸಿನ ಮೇಲೆ ತಾತ್ಕಾಲಿಕ ಅನುಮತಿ ಸಿಗುತ್ತಾ ಅಂತ ಕೇಳಿ. ಸಿಇಪಿಟಿ ಪಟ್ಟಿಯಲ್ಲಿ ಇಲ್ಲ ಅಂದರೆ ಬಾಗಿಲು ಮುಚ್ಚಿದೆ ಅಂತಲ್ಲ, ತಟ್ಟಬೇಕು ಅಂತ. ಲೈಸೆನ್ಸಿನ ಇಂಗ್ಲಿಷ್ ಪ್ರತಿ, ಪಾಸ್‌ಪೋರ್ಟ್ ಪ್ರತಿ, ತಾರೀಖು, ಉಳಿಯುವ ಜಾಗ ಎಲ್ಲ ಮೊದಲೇ ಕಳಿಸಿ. ಎಫ್‌ಸಿಸಿ ಎಕ್ಸ್‌ಟ್ರಾ ಕೂಡ ಲಗತ್ತಿಸಿ, ನಿಮ್ಮ ಮಟ್ಟ ಏನು ಅಂತ ತೋರಿಸಲು ಅದು ಕೆಲಸಕ್ಕೆ ಬರುತ್ತೆ.

ಅದಾಗದಿದ್ದರೆ ಅಲ್ಲಿನ ಕ್ಲಬ್‌ಗೆ ಮೊದಲೇ ಬರೆಯಿರಿ. ಅವರ ಸ್ಟೇಷನ್, ಅವರ ಕಾಲ್‌ಸೈನ್, ಅವರು ಪಕ್ಕದಲ್ಲಿ. ಎಷ್ಟು ಬಿಡಬಹುದು ಅನ್ನೋದು ಆಯಾ ದೇಶದ ನಿಯಮ, ಅದು ಅವರಿಗೆ ಗೊತ್ತಿರುತ್ತೆ. ಬೆಟ್ಟ ಹತ್ತುವ ಗುಂಪುಗಳೂ ಇವೆ, ಸೋಟಾ ಮಾಡುವವರು. ಹೊರಗಿನವರು ಬಂದರೆ ಬಹಳ ಖುಷಿ ಪಡುತ್ತಾರೆ. ನನಗೆ ಇಲ್ಲಿ ಮೊದಲ ಗೆಳೆಯರು ಸಿಕ್ಕಿದ್ದೇ ಹಾಗೆ, ಲೈಸೆನ್ಸ್ ಸಿಕ್ಕಿದ್ದು ಆಮೇಲೆ.

ಮೂರನೇಕಿವಿ:
ಧನ್ಯವಾದ ಎಲ್ಲರಿಗೂ. ಇವತ್ತೇ ಮೂರು ಕಡೆಗೂ ಬರೆಯುತ್ತೇನೆ. ಏನಾಯಿತು ಅಂತ ಇಲ್ಲೇ ಹೇಳುತ್ತೇನೆ.

ಮೂರನೇಕಿವಿ:
(ಐದು ವಾರದ ನಂತರ) ಸುದ್ದಿ ಇದೆ. ಮೂರರಲ್ಲಿ ಒಂದು ದೇಶದಿಂದ ಅನುಮತಿ ಬಂತು. ಮುದ್ರೆ ಹಾಕಿದ ಕಾಗದ, ಎರಡು ವಾರಕ್ಕೆ, ಕಾಲ್‌ಸೈನ್ ಸಮೇತ. ಇನ್ನೊಂದು ಕಡೆಯಿಂದ "ಇನ್ನಷ್ಟು ದಾಖಲೆ ಕಳಿಸಿ" ಅಂತ ಬಂದಿದೆ. ಮೂರನೆಯದು ಮೌನ. ಒಂದೇ ತೊಂದರೆ. ನಾನು ಆರಿಸಿಕೊಂಡ ಬೆಟ್ಟ ಸರಿಯಾಗಿ ಗಡಿಯ ಮೇಲಿದೆ. ಅನುಮತಿ ಕೊಟ್ಟ ದೇಶ ಒಂದು ಇಳಿಜಾರು, ಮೌನದಲ್ಲಿರುವ ದೇಶ ಇನ್ನೊಂದು ಇಳಿಜಾರು.

ಡೈಪೋಲ್‌ದಾಸ:
ಈ ಕಡೆ ಇಳಿಜಾರಿನಲ್ಲಿ ಕೂತ್ಕೊಳ್ಳಿ, ಮುಗೀತು.

ನಾಯ್ಸ್‌ಫ್ಲೋರ್:
ಕೂತರೆ ಸಾಲದು. 40 ಮೀಟರ್ ಡೈಪೋಲ್ ಅಂದರೆ 20 ಮೀಟರ್ ಉದ್ದ. ತಂತಿಯ ಆ ತುದಿ ಯಾವ ದೇಶದ ಮರಕ್ಕೆ ಕಟ್ಟುತ್ತೀರಿ ಅನ್ನೋದನ್ನೂ ನೋಡಿಕೊಳ್ಳಿ.

ಮೂರನೇಕಿವಿ:
ವರ್ಟಿಕಲ್ (ನೇರ ನಿಲ್ಲುವ ಆಂಟೆನಾ) ಒಯ್ಯುತ್ತೇನೆ ಬಿಡಿ. 73 (ಶುಭಾಶಯ).